ಕಾಯುತ್ತಿದ್ದ ಸ್ವಿಚ್ಚು

ಎಂಬತ್ತೆರಡನೇ ಇಸವಿಯ ಆ ನಾಲ್ಕು ತಿಂಗಳು ಕಲ್ಲುಬಾವಿಪೇಟೆಯ ಟೆಲಿಫೋನ್ ಆಫೀಸಿನಲ್ಲಿ ಒಂದೇ ಗೋಡೆಯ ಆಚೆ ಈಚೆ ಎರಡು ಎಕ್ಸ್‌ಚೇಂಜುಗಳಿದ್ದವು.

ಈಚೆ ಕೋಣೆಯದು ಹಳೆಯದು. ಗುಬ್ಬಿಗೂ ಕುಣಿಗಲ್ಲಿಗೂ ನಡುವಿನ ಆ ಪೇಟೆಯಲ್ಲಿ ಅರವತ್ತನಾಲ್ಕು ಫೋನುಗಳಿದ್ದವು. ಯಾರಾದರೂ ತಮ್ಮ ಫೋನಿನ ಹಿಡಿ ತಿರುಗಿಸಿದರೆ ಬೋರ್ಡಿನ ಮೇಲೆ ಅವರ ನಂಬರಿನ ಪುಟ್ಟ ತಗಡು ಟಪ್ಪೆಂದು ಬೀಳುತ್ತಿತ್ತು. ರಹಿಮಾ ಬೀ ಅಲ್ಲಿಗೆ ಪಿನ್ನು ಚುಚ್ಚಿ, "ಯಾರ್ ಬೇಕಪ್ಪಾ?" ಎನ್ನುತ್ತಿದ್ದರು. ಲೈನ್‌ಮನ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಆ ಕುರ್ಚಿಯಲ್ಲಿ ಕೂತ ಅವರು ಹದಿನೆಂಟು ವರ್ಷ ಊರಿನ ಮಾತನ್ನೆಲ್ಲ ದಾಟಿಸಿದ್ದರು.

ಆಚೆ ಕೋಣೆಯದು ಹೊಸದು, ಆಟೊಮ್ಯಾಟಿಕ್. ಆಳೆತ್ತರದ ಕಬ್ಬಿಣದ ಚೌಕಟ್ಟುಗಳು, ಅವುಗಳ ತುಂಬ ಸ್ವಿಚ್ಚುಗಳು. ಊರಲ್ಲೆಲ್ಲೋ ಒಬ್ಬರು ರಿಸೀವರ್ ಎತ್ತಿದರೆ ಒಂದು ಸ್ವಿಚ್ಚು ತನಗೆ ತಾನೇ ಎದ್ದು, ಕಟಕಟನೆ ಮೇಲೆ ಹತ್ತಿ, ಬಲಕ್ಕೆ ತಿರುಗಿ, ಎತ್ತಿದವರು ಯಾರೆಂದು ನೂರು ತಂತಿಗಳಲ್ಲಿ ಹುಡುಕಿ ಹಿಡಿದು, ಅವರ ಕಿವಿಗೆ ಗುಂಯ್ ಎಂಬ ಸದ್ದನ್ನು ಕಳಿಸಬೇಕು. ನಾನು ಬಂದಿದ್ದೇನೆ, ನಂಬರು ತಿರುಗಿಸಿ ಎಂದು ಅದರ ಅರ್ಥ.

ಈ ಯಂತ್ರವನ್ನು ಜೋಡಿಸಲು ಬಂದವನು ಊರ್ಡಿಗೆರೆಯ ಹೊನ್ನಯ್ಯ. ಹಗಲು ತುಮಕೂರಿನಲ್ಲಿ ಕಂಬ ಹತ್ತಿ, ಸಂಜೆ ಕ್ಲಾಸಿಗೆ ಹೋಗಿ, ಆರು ವರ್ಷಕ್ಕೆ ಡಿಪ್ಲೊಮಾ ಮುಗಿಸಿ ಟೆಕ್ನೀಷಿಯನ್ ಆದವನು. ಆ ಕ್ಲಾಸುಗಳಲ್ಲಿ ಎಷ್ಟೋ ಸಲ ಅವನಿಗೆ ನಿದ್ದೆ ಹತ್ತಿಬಿಡುತ್ತಿತ್ತು. ತಾನು ತೂಕಡಿಸಿದ ಆ ಹತ್ತು ನಿಮಿಷದಲ್ಲೇ ಮೇಷ್ಟ್ರು ಯಾವುದೋ ಮುಖ್ಯವಾದ ಮಾತು ಹೇಳಿ ಮುಗಿಸಿದ್ದಾರೆ, ಅದು ಎಲ್ಲರಿಗೂ ಗೊತ್ತು, ತನಗೊಬ್ಬನಿಗೆ ಗೊತ್ತಿಲ್ಲ ಎಂಬ ಅಳುಕು ಇನ್ನೂ ಹೋಗಿರಲಿಲ್ಲ. ಅದಕ್ಕೇ ಅವನ ಹತ್ತಿರ ಒಂದು ನೋಟ್‌ಬುಕ್ಕಿತ್ತು. ಮೊದಲ ಪುಟದಲ್ಲಿ "ಆಗದಿದ್ದರೆ?" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದ. ಬ್ಯಾಟರಿ ಇಳಿದರೆ? ಫ್ಯೂಸು ಸುಟ್ಟರೆ? ಸ್ವಿಚ್ಚಿನೊಳಗೆ ಇಲಿ ಸೇರಿದರೆ? ಹೀಗೆ ನೂರ ಹನ್ನೆರಡು ಪ್ರಶ್ನೆಗಳು, ಒಂದೊಂದರ ಎದುರಿಗೂ ಏನು ಮಾಡಬೇಕೆಂಬ ಉತ್ತರ.

"ಹೋಟ್ಲಲ್ಲಿ ಇಡ್ಲಿ ತಿನ್ನಕ್ ಹೋದ್ರೂ ಹಿಂಗೇ ಪಟ್ಟಿ ಮಾಡ್ತೀಯೇನಯ್ಯಾ?" ಎಂದು ಇಂಜಿನಿಯರ್ ಚನ್ನವೀರಯ್ಯ ಛೇಡಿಸುತ್ತಿದ್ದರು. "ಇಡ್ಲಿ ಆರಿದ್ರೆ? ಚಟ್ನಿ ಮುಗಿದಿದ್ರೆ?"

"ಚಟ್ನಿ ಮುಗುದ್ರೆ ಸಾಂಬಾರ್ ಇರುತ್ತೆ ಸಾರ್," ಎಂದು ಹೊನ್ನಯ್ಯ ಗಂಭೀರವಾಗಿಯೇ ಹೇಳಿದ್ದ.

ಹಳೆಯದರಿಂದ ಹೊಸದಕ್ಕೆ ದಾಟುವ ಕ್ರಮ ಹೀಗಿತ್ತು. ಅರವತ್ತನಾಲ್ಕು ಲೈನುಗಳನ್ನೂ ಮೊದಲೇ ಯಂತ್ರದ ತನಕ ಎಳೆದಿದ್ದರು. ಆದರೆ ಒಂದೊಂದು ಲೈನಿನ ಬಾಯಲ್ಲೂ ಕರೆಂಟು ಹರಿಯದಂತೆ ಒಂದು ಪುಟ್ಟ ಬಿರಡೆ ಸಿಕ್ಕಿಸಿ, ಹತ್ತು ಹತ್ತು ಬಿರಡೆಗಳಿಗೆ ಒಂದು ದಾರ ಪೋಣಿಸಿದ್ದರು. ಗೊತ್ತು ಮಾಡಿದ ಭಾನುವಾರ ಬೆಳಿಗ್ಗೆ ಗುಬ್ಬಿಯಿಂದ, ಕುಣಿಗಲ್ಲಿನಿಂದ ಲೈನ್‌ಮನ್‌ಗಳು ಬಂದು ಮನೆಮನೆಯ ಹಳೆಯ ಫೋನು ಕಿತ್ತು ಡಯಲ್ ಫೋನು ಕೂರಿಸಬೇಕು. ಹನ್ನೊಂದು ಗಂಟೆಗೆ ಸರಿಯಾಗಿ ಈಚೆ ಹಳೆಯ ಬೋರ್ಡಿನ ತಂತಿ ಕತ್ತರಿಸಬೇಕು, ಆಚೆ ದಾರ ಎಳೆಯಬೇಕು. ತುಮಕೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆ. ಅವರ ಮುಂದೆ, ಊರಿನ ಒಂದು ಲೈನಿನಲ್ಲೂ ಕೊರತೆಯಿಲ್ಲ, ಎಲ್ಲ ಸರಿಯಾಗಿದೆ ಎಂಬ ಹಾಳೆಗೆ ಹೊನ್ನಯ್ಯ ಸಹಿ ಹಾಕಬೇಕು. ಯಂತ್ರ ಕೈಕೊಟ್ಟರೆ ಒಂದು ಊರಿಗೆ ಊರೇ ಮೂಕವಾಗುತ್ತದೆ, ತನ್ನ ಸಹಿಯ ಮೇಲೆ.

ಇನ್ನು ಹದಿನೈದು ದಿನವಿತ್ತು. ಹೊತ್ತು ಹೊತ್ತಿಗೆ ಎಷ್ಟು ಜನ ಮಾತಾಡುತ್ತಾರೆಂದು ಎಣಿಸಲು ಹೊನ್ನಯ್ಯ ರಹಿಮಾ ಬೀ ಅವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ. ಇಪ್ಪತ್ತಮೂರನೇ ನಂಬರು ಹುಣಸೆಹಣ್ಣಿನ ವ್ಯಾಪಾರಿ ರಹಮತ್ ಉಲ್ಲಾ ಅವರ ಅಂಗಡಿ. ಅದಕ್ಕೆ ಆಕೆ ಒಂದು ಸಲ ಉದ್ದಕ್ಕೆ ಗಂಟೆ ಬಾರಿಸಿದರು, ವ್ಯಾಪಾರಿ ಎತ್ತಿದರು. ಅರ್ಧ ಗಂಟೆ ಬಿಟ್ಟು ಅದೇ ನಂಬರಿಗೆ ಮೂರು ಸಲ ಚಿಕ್ಕದಾಗಿ ಬಾರಿಸಿದರು. ಈ ಸಲ ಎತ್ತಿದ್ದು ಹೆಂಗಸಿನ ದನಿ.

"ಸಿದ್ದಲಕ್ಷ್ಮಮ್ಮಾ, ಗಾಣಿಗರ ಬೀದಿ ಹುಡುಗಿಗೆ ನೋವು ಶುರುವಾಗದಂತೆ. ಬೇಗ ಹೋಗು ತಾಯಿ."

ಸಿದ್ದಲಕ್ಷ್ಮಮ್ಮ ಊರಿನ ಹೆರಿಗೆ ನರ್ಸು. ಹೊನ್ನಯ್ಯನಿಗೆ ಅರವತ್ತನಾಲ್ಕು ಹೆಸರೂ ಬಾಯಿಪಾಠ. ಆಕೆಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

"ರಹಿಮಮ್ಮಾ, ಇಪ್ಪತ್ಮೂರು ಅಂಗಡಿದಲ್ವಾ?"

"ಕೈ ತಪ್ಪಿ ಹಂಗೆ ಬಾರಿಸ್ಬಿಟ್ಟೆ, ಬುಡಪ್ಪ," ಎಂದು ಆಕೆ ಬೋರ್ಡಿನ ಕಡೆಗೇ ನೋಡುತ್ತ ಹೇಳಿದರು.

ಕೈ ತಪ್ಪಿರಲಿಲ್ಲ. ಅಂಗಡಿಯ ಲೈನಿಗೆ ಯಾರೋ ಕಂಬದ ಮೇಲೆ ಇನ್ನೊಂದು ಜೋಡಿ ತಂತಿ ಕಟ್ಟಿ ನರ್ಸಮ್ಮನ ಮನೆಗೆ ಇಳಿಸಿದ್ದಾರೆ, ಗುಜರಿಗೆ ಬಿದ್ದ ಹಳೆಯ ಫೋನೊಂದನ್ನು ರಿಪೇರಿ ಮಾಡಿ ಅಲ್ಲಿ ಕೂರಿಸಿದ್ದಾರೆ ಎಂದು ಹೊನ್ನಯ್ಯನಿಗೆ ಹೊಳೆಯಿತು. ಹೊಸ ಫೋನಿಗೆ ಅರ್ಜಿ ಕೊಟ್ಟವರು ಏಳೆಂಟು ವರ್ಷ ಕಾಯುವ ಕಾಲ ಅದು. ಹೆರಿಗೆ ನೋವಿಗೆ ಕಾಯಲು ಬರುತ್ತದೆಯೇ? ಮೊದಲು ಅವನಿಗೆ ಸಂತೋಷವೇ ಆಯಿತು. ಆಮೇಲೆ ಹೊಸ ಯಂತ್ರ ನೆನಪಾಯಿತು.

ಹಳೆಯ ಫೋನಿನ ಗಂಟೆಯ ಸುರುಳಿ ಸದಾ ಎರಡು ತಂತಿಗಳಿಗೆ ಅಡ್ಡಲಾಗಿ ಕೂತಿರುತ್ತದೆ, ಅದರ ಮೂಲಕ ಕರೆಂಟು ಹರಿಯಲು ದಾರಿ ತೆರೆದೇ ಇರುತ್ತದೆ. ಹಳೆಯ ಬೋರ್ಡಿಗೆ ಅದರಿಂದ ತೊಂದರೆಯಿಲ್ಲ. ಹೊಸ ಯಂತ್ರ ಹಾಗಲ್ಲ. ಲೈನಿನಲ್ಲಿ ಕರೆಂಟು ಹರಿಯಿತೋ, ಯಾರೋ ರಿಸೀವರ್ ಎತ್ತಿದ್ದಾರೆ ಎಂದೇ ಅದು ತಿಳಿಯುತ್ತದೆ. ಪಟ್ಟಿಯಲ್ಲಿರುವ ಫೋನುಗಳನ್ನು ಭಾನುವಾರ ಕೀಳುತ್ತಾರೆ. ಪಟ್ಟಿಯಲ್ಲಿಲ್ಲದ್ದನ್ನು ಕೀಳುವವರು ಯಾರು? ಮುಂಚೆಯೇ ಪರೀಕ್ಷೆ ಮಾಡಿ ಕಂಡುಹಿಡಿಯೋಣವೆಂದರೆ ಈಗ ಎಲ್ಲ ಲೈನಿನಲ್ಲೂ ಹಳೆಯ ಫೋನೇ ಇದೆ. ಎಲ್ಲವೂ ಒಂದೇ ಥರ ಕಾಣುತ್ತವೆ. ನೂರ ಹನ್ನೆರಡು ಪ್ರಶ್ನೆಗಳಲ್ಲಿ ಈ ಪ್ರಶ್ನೆ ಇರಲಿಲ್ಲ.

"ಇಂಥವು ಎಷ್ಟಿವೆ ರಹಿಮಮ್ಮಾ? ಹೆಸರು ಬ್ಯಾಡ. ಎಷ್ಟು ಅಂತ ಮಾತ್ರ ಹೇಳಿ."

"ಯಾವಂಥವು?"

"ನಾನ್ ಬರ್ಕೊಳ್ಳಲ್ಲ."

"ನನ್ ಪೆನ್ಷನ್ನಿಗೆ ಮೂರು ವರ್ಷ ಇದೆ ಕಣಪ್ಪ," ಎಂದರು ಆಕೆ. ಅಷ್ಟೇ. ಮತ್ತೆ ತಗಡು ಬಿತ್ತು, ಪಿನ್ನು ಚುಚ್ಚಿದರು.

ಹೊನ್ನಯ್ಯ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಇಂಜಿನಿಯರಿಗೆ ಹೇಳಿದರೆ ಈ ಹೆಂಗಸಿನ ಮೇಲೆ ವಿಚಾರಣೆ. ಹೇಳದಿದ್ದರೆ ಊರಿನ ಗತಿ ಏನೋ. ಅದೂ ಹೋಗಲಿ, ತಾನು ಹೆದರುತ್ತಿರುವಂತೆ ನಿಜವಾಗಿಯೂ ಆಗುತ್ತದೆಯೇ? ಸಂಜೆ ಕ್ಲಾಸಿನಲ್ಲಿ ಕಲಿತದ್ದನ್ನು ನಂಬಿಕೊಂಡು ಸುಮ್ಮನೆ ಗಾಬರಿಬೀಳುತ್ತಿರಬಹುದೇ? ಮೂರನೆಯ ದಿನ ಮಧ್ಯಾಹ್ನ ರಹಿಮಾ ಬೀ ಊಟದ ಡಬ್ಬಿ ತೊಳೆದು ಬರುತ್ತಿದ್ದಾಗ, "ಐದು ನಿಮಿಷ ಬನ್ನಿ, ಒಂದು ತೋರಿಸ್ತೀನಿ," ಎಂದು ಗೋಡೆಯಾಚೆಗೆ ಕರೆದುಕೊಂಡು ಹೋದ. ನಾಲ್ಕು ತಿಂಗಳಲ್ಲಿ ಆಕೆ ಆ ಕೋಣೆಗೆ ಕಾಲಿಟ್ಟಿರಲಿಲ್ಲ.

ಒಂದು ಖಾಲಿ ಲೈನಿನ ಬಾಯಿಗೆ ಅವನು ಹಳೆಯ ಫೋನಿನ ಎರಡು ತಂತಿ ಮುಟ್ಟಿಸಿದ.

ಸತ್ತಂತೆ ನಿಂತಿದ್ದ ಚೌಕಟ್ಟಿನಲ್ಲಿ ಒಂದೇ ಒಂದು ಸ್ವಿಚ್ಚು ಗಕ್ಕನೆ ಎದ್ದಿತು. ಕಟಕಟಕಟ ಮೆಟ್ಟಿಲು ಹತ್ತಿತು. ಸರ್ರನೆ ತಿರುಗಿತು. ನಿಂತಿತು. ಎಲ್ಲಿಂದಲೋ ಸಣ್ಣಗೆ ಗುಂಯ್ ಎಂಬ ಸದ್ದು ಶುರುವಾಯಿತು. ರಹಿಮಾ ಬೀ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು, ಹಿರಿಯರೊಬ್ಬರು ಎದ್ದು ನಿಂತಾಗ ಸರಿಯುವ ಹಾಗೆ.

"ಯಾ ಅಲ್ಲಾ. ಯಾರೂ ಮುಟ್ಟಿಲ್ಲ, ತಾನೇ ಎದ್ದು ಬಂತು."

"ನೀವು ಮಾಡೋ ಕೆಲಸಾನೇ ಮಾಡ್ತಾ ಇದೆ. ಯಾರ್ ಬೇಕಪ್ಪಾ ಅಂತ ಕೇಳ್ತಾ ಇದೆ."

"ಈಗ ಏನ್ ಮಾಡ್ತದೆ?"

"ಕಾಯ್ತದೆ."

ಇಬ್ಬರೂ ನಿಂತು ನೋಡಿದರು. ಸ್ವಿಚ್ಚು ಅಲುಗಲಿಲ್ಲ. ಅದರ ಹಿತ್ತಾಳೆಯ ತೋಳು ತಂತಿಯನ್ನು ಹಿಡಿದಿತ್ತು. ಒಂದು ನಿಮಿಷವಾಯಿತು, ಎರಡಾಯಿತು. ಇಲ್ಲದ ಮನುಷ್ಯನೊಬ್ಬನ ಮುಂದೆ ಅದು ಅಷ್ಟು ನಿಷ್ಠೆಯಿಂದ ನಿಂತಿರುವುದನ್ನು ಕಂಡು ಹೊನ್ನಯ್ಯನ ಮೈ ಜುಮ್ಮೆಂದಿತು. ತಾನೇ ಜೋಡಿಸಿದ್ದು, ಒಂದೊಂದು ತಿರುಪೂ ತಾನೇ ಬಿಗಿದದ್ದು. ಆದರೂ ತನಗಿಂತ ದೊಡ್ಡದೇನೋ ಅದರೊಳಗೆ ಬಂದು ಕೂತಂತೆ.

"ಎಷ್ಟೊತ್ತು ಕಾಯ್ತದೆ?" ರಹಿಮಾ ಬೀ ಪಿಸುಗುಟ್ಟಿದರು.

"ನಾಳೆವರ್ಗೂ ಕಾಯ್ತದೆ. ವರ್ಷಗಟ್ಲೆ ಕಾಯ್ತದೆ. ನಿಮಗಾದ್ರೆ ಇದು ಅಂಗಡಿ, ಇದು ನರ್ಸಮ್ಮ ಅಂತ ಗೊತ್ತು. ಇದಕ್ಕೆ ಗೊತ್ತಿಲ್ಲ. ಹಿಂಗೆ ಎದ್ದು ಹುಡುಕೋ ಸ್ವಿಚ್ಚು ಇರೋದು ಹತ್ತೇ ಹತ್ತು ರಹಿಮಮ್ಮಾ. ಒಂದೊಂದು ಕದ್ದ ಫೋನೂ ಒಂದೊಂದನ್ನ ಹಿಂಗೇ ಹಿಡ್ಕೊಂಡು ಕೂತ್ರೆ..."

ಆಕೆ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಆಡಿಸಿದರು. ಮೂರು ಬೆರಳು ಮುಗಿದು ನಾಲ್ಕನೆಯದಕ್ಕೆ ಹೋಯಿತು. ಹೊನ್ನಯ್ಯ ಆ ಹೆಬ್ಬೆರಳನ್ನೇ ನೋಡಿದ.

"ಹನ್ನೊಂದು," ಎಂದರು ಆಕೆ.

ಹತ್ತು ಸ್ವಿಚ್ಚು, ಹನ್ನೊಂದು ಫೋನು. ದಾರ ಎಳೆದ ಮರುನಿಮಿಷದಲ್ಲಿ ಹತ್ತೂ ಎದ್ದು, ಇಲ್ಲದವರ ಮುಂದೆ ಕಾಯುತ್ತ ನಿಂತುಬಿಡುತ್ತಿದ್ದವು. ಊರಿನಲ್ಲಿ ಯಾರು ರಿಸೀವರ್ ಎತ್ತಿದರೂ ಕಿವಿಗೆ ಏನೂ ಕೇಳಿಸುತ್ತಿರಲಿಲ್ಲ.

"ನಾನೇ ಸಾಹೇಬ್ರಿಗೆ ಹೇಳ್ತೀನಿ," ಎಂದರು ರಹಿಮಾ ಬೀ. "ನೀನ್ ಹೇಳಿದ್ರೆ ಚಾಡಿ ಆಗ್ತದೆ."

ಹೇಳಿದರು. ಚನ್ನವೀರಯ್ಯ ಮೇಜು ಗುದ್ದಿದರು. "ಹನ್ನೊಂದಾ! ಇದೇನು ಎಕ್ಸ್‌ಚೇಂಜೋ ಛತ್ರಾನೋ?" ಎಂದು ಕೂಗಾಡಿದರು. ಆದರೆ ಹೊನ್ನಯ್ಯ ಸ್ವಿಚ್ಚು ಹತ್ತು, ಫೋನು ಹನ್ನೊಂದು ಎಂದು ತಡವರಿಸುತ್ತ ವಿವರಿಸಿದ ಮೇಲೆ ಅವರ ಕೂಗಾಟ ನಿಂತಿತು. ಕೊನೆಗೆ, ವಿಚಾರಣೆ ಮಾಡಿದರೆ ಈ ಹಗರಣ ಮುಂದಿನ ವರ್ಷಕ್ಕೂ ಮುಗಿಯುವುದಿಲ್ಲವೆಂದೋ ಏನೋ, ಹನ್ನೊಂದೂ ಫೋನುಗಳು ಈ ವಾರವೇ ತಾವಾಗಿ ಆಫೀಸಿಗೆ ವಾಪಸು ಬರಬೇಕು, ಬಂದರೆ ತಾವು ಏನೂ ಕೇಳುವುದಿಲ್ಲ ಎಂದರು. ನರ್ಸಮ್ಮನ ಅರ್ಜಿಯನ್ನು ಮಾತ್ರ ತಾವೇ ತುಮಕೂರಿಗೆ ಹೊತ್ತುಕೊಂಡು ಹೋಗಿ, ಆಸ್ಪತ್ರೆಯ ಕೋಟಾದಲ್ಲಿ ಮಂಜೂರು ಮಾಡಿಸಿಕೊಂಡು ಬಂದರು. ಅದು ಅರವತ್ತೈದನೇ ಲೈನಾಯಿತು. ಉಳಿದ ಹತ್ತು ಮನೆಗಳಿಗೆ ರಹಿಮಾ ಬೀ ಡ್ಯೂಟಿ ಮುಗಿದ ಮೇಲೆ ತಾವೇ ನಡೆದುಹೋಗಿ ಸುದ್ದಿ ಹೇಳಿದರು. ಕೆಲವರು ಕಾಫಿ ಕೊಟ್ಟರು, ಒಬ್ಬರು ಬಾಗಿಲು ಹಾಕಿಕೊಂಡರಂತೆ.

"ಸಾರ್, ಇನ್ನೊಂದು," ಎಂದ ಹೊನ್ನಯ್ಯ. "ಹಳೇ ಬೋರ್ಡು ಕತ್ತರಿಸಿದ ಮೇಲೆ ದಾರ ಎಳೆಯಕ್ ಮುಂಚೆ ನಂಗೆ ಅರ್ಧ ಗಂಟೆ ಬೇಕು. ಒಂದೊಂದ್ ಲೈನೂ ಮೀಟರ್ ಹಾಕಿ ನೋಡ್ತೀನಿ."

"ದೊಡ್ಡ ಸಾಹೇಬ್ರು ಕೈ ಕಟ್ಕೊಂಡು ನಿಂತಿರ್ಬೇಕಾ? ಊರು ಅರ್ಧ ಗಂಟೆ ಮೂಕಾಗಿರ್ಬೇಕಾ?"

"ಅರ್ಧ ಗಂಟೆ ಮೂಕಾದ್ರೆ ಪರವಾಗಿಲ್ಲ ಸಾರ್. ವಾರ ಮೂಕಾಗ್ಬಾರ್ದು."

ಅದು ತನ್ನ ಬಾಯಿಂದ ಬಂದ ಮಾತೇ ಎಂದು ಹೊನ್ನಯ್ಯನಿಗೇ ಆಶ್ಚರ್ಯವಾಯಿತು. ಚನ್ನವೀರಯ್ಯನವರಿಗೂ ಆಗಿರಬೇಕು. "ತಗೊಂಡ್ ಸಾಯಿ," ಎಂದರು.

ಭಾನುವಾರ ಹತ್ತೂವರೆಗೆ ಹಳೆಯ ಬೋರ್ಡಿನ ತಂತಿಗಳನ್ನು ಕತ್ತರಿಸಿದರು. ಬೆಳಿಗ್ಗೆಯಿಂದ ಕಡಿಮೆಯಾಗುತ್ತ ಬಂದಿದ್ದ ತಗಡುಗಳ ಸದ್ದು ಪೂರ್ತಿ ನಿಂತಿತು. ರಹಿಮಾ ಬೀ ಕಿವಿಯಿಂದ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಹದಿನೆಂಟು ವರ್ಷದಲ್ಲಿ ಆ ಕೋಣೆ ಹೀಗೆ ಸುಮ್ಮನಾಗಿದ್ದೇ ಇಲ್ಲ. ಹೊರಗೆ ಬೀದಿಯಲ್ಲಿ ಸೈಕಲ್ ಗಂಟೆ, ಕಾಗೆಯ ಕೂಗು ಎಲ್ಲ ಒಮ್ಮೆಲೇ ಹತ್ತಿರ ಬಂದಂತಾಯಿತು. ಹೊನ್ನಯ್ಯ ಮೀಟರಿನ ಎರಡು ಮೊನೆಗಳನ್ನು ಒಂದೊಂದು ಲೈನಿಗೂ ಒತ್ತುತ್ತ ಹೋದ. ಎಲ್ಲಾದರೂ ಹಳೆಯ ಫೋನು ಉಳಿದಿದ್ದರೆ ಮುಳ್ಳು ಬಾಗಬೇಕು. ಒಂದು. ಇಪ್ಪತ್ತು. ನಲವತ್ತು. ಮುಳ್ಳು ಬಾಗಲಿಲ್ಲ. ಅರವತ್ತೈದೂ ಮುಗಿದ ಮೇಲೆ ಅವನು ಮತ್ತೆ ಒಂದರಿಂದ ಶುರು ಮಾಡಲು ಹೋದಾಗ ಚನ್ನವೀರಯ್ಯ ಅವನ ಕೈಯಿಂದ ಮೀಟರು ಕಿತ್ತುಕೊಂಡರು.

"ಸಾಕ್ ಬಾರಯ್ಯ. ಎಳಿ."

ಹನ್ನೊಂದು ಗಂಟೆ. ಲೈನ್‌ಮನ್ ಚಿಕ್ಕಮಾರಯ್ಯ ಒಂದು ತುದಿ, ಹೊನ್ನಯ್ಯ ಇನ್ನೊಂದು ತುದಿ. ಏಳೂ ದಾರಗಳನ್ನು ಎಳೆದರು. ಬಿರಡೆಗಳು ಪಟಪಟನೆ ನೆಲಕ್ಕೆ ಉದುರಿದವು.

ಒಂದು ಕ್ಷಣ ಏನೂ ಆಗಲಿಲ್ಲ.

ಆಮೇಲೆ ಬಂತು. ಮೊದಲು ಒಂದು ಸ್ವಿಚ್ಚು, ಅದರ ಪಕ್ಕದ್ದು, ಮೇಲಿನದು. ಅರ್ಧ ಗಂಟೆ ತಡೆದುಕೊಂಡಿದ್ದ ಊರು ಒಟ್ಟಿಗೆ ರಿಸೀವರ್ ಎತ್ತಿತ್ತು. ಕಬ್ಬಿಣದ ಚೌಕಟ್ಟು ಜುಮ್ಮೆಂದು ನಡುಗಿತು. ಹಿತ್ತಾಳೆಯ ತೋಳುಗಳು ಹತ್ತಿದವು, ತಿರುಗಿದವು, ಕೆಳಗಿಳಿದವು, ಮತ್ತೆ ಹತ್ತಿದವು. ಗೋಡೆಗೆ ಮಳೆಹನಿ ಬಡಿದಂತೆ ಶುರುವಾದ ಸದ್ದು ನೂರಾರು ಮಗ್ಗಗಳ ಕೇರಿಯಂತೆ ಏರಿತು. ಯಾರೋ ಮಗಳನ್ನು ಕರೆಯುತ್ತಿದ್ದರು, ಯಾರೋ ಅಂಗಡಿಯನ್ನು, ಯಾರೋ ಸುಮ್ಮನೆ ನಂಬರು ತಿರುಗಿಸಿ ನಗುತ್ತಿದ್ದರು. ಅವರ ಬೆರಳು ಡಯಲಿನ ಮೇಲೆ ಆಡಿದ್ದು ಇಲ್ಲಿ, ಕಣ್ಣೆದುರಿಗೆ, ಕಬ್ಬಿಣದಲ್ಲಿ ಆಡುತ್ತಿತ್ತು. ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಚನ್ನವೀರಯ್ಯ ಬಾಯಿ ತೆರೆದವರು ಮುಚ್ಚಲು ಮರೆತರು. ಬಾಗಿಲಲ್ಲಿ ನಿಂತಿದ್ದ ರಹಿಮಾ ಬೀ, "ನನ್ ಊರು," ಎಂದರು, ಅಷ್ಟೆ. ಹೊನ್ನಯ್ಯನ ಕಣ್ಣು ಮಂಜಾಯಿತು.

ಆ ಮಂಜಿನಲ್ಲೇ ಅವನು ಅದನ್ನು ಕಂಡ. ಒಂಬತ್ತು ಸ್ವಿಚ್ಚುಗಳು ಕುಣಿಯುತ್ತಿದ್ದವು. ಏಳನೆಯದು ನಿಂತಿತ್ತು.

ಯಾರೋ ಮಾತಾಡುತ್ತಿರಬಹುದು ಎಂದು ಕಾದ. ಸಾಹೇಬರು ಕಾಫಿ ಕುಡಿದರು, ಕೈ ಕುಲುಕಿದರು, ಹಾಳೆಯನ್ನು ಸಾಯಂಕಾಲದೊಳಗೆ ಕಳಿಸಿ ಎಂದು ಹೇಳಿ ಜೀಪು ಹತ್ತಿದರು. ಏಳನೆಯದು ಹಾಗೇ ನಿಂತಿತ್ತು, ಮೂವತ್ತೆಂಟನೇ ಲೈನನ್ನು ಹಿಡಿದುಕೊಂಡು.

"ಮೂವತ್ತೆಂಟರಲ್ಲಿ ನಾನು ಕಟ್ಸಿದ್ದು ಯಾವ್ದೂ ಇಲ್ಲಪ್ಪ. ದೇವರಾಣೆ," ಎಂದರು ರಹಿಮಾ ಬೀ.

ಹೊನ್ನಯ್ಯ ಆ ಒಂದು ಲೈನಿಗೆ ಮತ್ತೆ ಬಿರಡೆ ಸಿಕ್ಕಿಸಿದ. ಸ್ವಿಚ್ಚು ಕೆಳಗಿಳಿಯಿತು. ಒಂದು ಮನೆಯ ಫೋನು ಸತ್ತರೂ ಊರು ನಡೆಯುತ್ತದೆ. ಚಿಕ್ಕಮಾರಯ್ಯನನ್ನು ಕರೆದುಕೊಂಡು ಕಂಬದಿಂದ ಕಂಬಕ್ಕೆ, ತಲೆ ಎತ್ತಿಕೊಂಡೇ ನಡೆದ. ಕೆರೆ ಬೀದಿಯ ಮೂಲೆಯ ಕಂಬದಲ್ಲಿ ಚಿಕ್ಕಮಾರಯ್ಯ ಕೈ ತೋರಿಸಿದ. ಬೇವಿನ ಕೊಂಬೆಗಳ ಒಳಗೆ, ತುಕ್ಕು ತಿಂದ ಗಂಟಿನಿಂದ, ಒಂದು ಜೋಡಿ ತಂತಿ ಹೆಂಚಿನ ಮನೆಯೊಂದಕ್ಕೆ ಇಳಿದಿತ್ತು.

"ರಾಮಾಂಜಿನಯ್ಯನ ಮನೆ! ನಂಗಿಂತ ಮುಂಚೆ ಲೈನ್‌ಮನ್ ಆಗಿದ್ದೋನು. ತೀರ್ಕೊಂಡು ಒಂಬತ್ತು ವರ್ಷ ಆಯ್ತಲ್ಲ!"

ಬಾಗಿಲು ತೆಗೆದದ್ದು ಅವನ ಹೆಂಡತಿ ಚಿಕ್ಕಗಂಗಮ್ಮ. ಫೋನು ಗೋಡೆಯ ಮೇಲೆ, ಗಂಡನ ಫೋಟೋದ ಪಕ್ಕದಲ್ಲೇ ಇತ್ತು. ಲೈನು ಕೆಟ್ಟರೆ ಆಫೀಸಿನಿಂದ ಕರೆಯಲಿ ಎಂದು ಅವನೇ ಹಾಕಿಕೊಂಡದ್ದಂತೆ. ಅವನು ಹೋದ ಮೇಲೆ ಕರೆಯುವವರಿಲ್ಲ. ಬಾರಿಸುವುದನ್ನು ಬಿಟ್ಟ ರಹಿಮಾ ಬೀ ಒಂಬತ್ತು ವರ್ಷದಲ್ಲಿ ಅದನ್ನು ಮರೆತೇಬಿಟ್ಟಿದ್ದರು. ಮರದ ಪೆಟ್ಟಿಗೆಯ ಮೇಲೆ ಧೂಳಿನ ಸುಳಿವೂ ಇರಲಿಲ್ಲ.

"ಕೆಟ್ಟೋಗಿದ್ಯಾ ಸಾಮಿ? ನಾನು ದಿನಾ ಒರೆಸ್ತೀನಿ, ಹಿಡಿ ಮಾತ್ರ ತಿರುವಲ್ಲ," ಎಂದಳು ಆಕೆ, ತಪ್ಪು ಮಾಡಿದವಳಂತೆ.

"ಕೆಟ್ಟಿಲ್ಲ ಕಣಮ್ಮ. ಚೆನ್ನಾಗಿದೆ," ಎಂದ ಹೊನ್ನಯ್ಯ.

ಮೀಟರು ಇದನ್ನು ಯಾಕೆ ತೋರಿಸಲಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಮೀಟರಿನೊಳಗಿನದು ಟಾರ್ಚಿನ ಸೆಲ್ಲಿನಷ್ಟು ಶಕ್ತಿ. ಆ ತುಕ್ಕಿನ ಗಂಟನ್ನು ದಾಟಲು ಅದರ ಕೈಲಾಗಲಿಲ್ಲ. ಯಂತ್ರದ ಐವತ್ತು ವೋಲ್ಟು ದಾಟಿತ್ತು. ದಾಟಿ, ಹಾದಿಯುದ್ದಕ್ಕೂ ಬಂದು, ಯಾರೂ ನೆನಪಿಟ್ಟುಕೊಳ್ಳದ ಈ ಗೋಡೆಯ ಮೇಲಿನ ಪೆಟ್ಟಿಗೆಯನ್ನು ಹುಡುಕಿ ಹಿಡಿದು, ಯಾರ್ ಬೇಕಪ್ಪಾ ಎಂದು ಕೇಳುತ್ತ ನಿಂತಿತ್ತು. ಅವನಿಗೆ ಭಯವಾಯಿತೋ ಭಕ್ತಿಯಾಯಿತೋ ಹೇಳಲು ಬಾರದು. ಎರಡು ತಂತಿಗಳನ್ನು ಬಿಚ್ಚಿ ಸುತ್ತಿಕೊಂಡ. ಪೆಟ್ಟಿಗೆ ಇಲಾಖೆಯದು, ತರಬೇಕಾದದ್ದು. ತರಲಿಲ್ಲ.

ಆಫೀಸಿಗೆ ಬಂದು ಮೂವತ್ತೆಂಟರ ಬಿರಡೆ ಕಿತ್ತ. ಸ್ವಿಚ್ಚು ಏಳಲಿಲ್ಲ. ಹಾಳೆ ಮೇಜಿನ ಮೇಲಿತ್ತು, "ಎಲ್ಲ ಲೈನುಗಳೂ ಕೊರತೆಯಿಲ್ಲದೆ ಸರಿಯಾಗಿವೆ" ಎಂಬ ಟೈಪಾದ ಸಾಲಿನೊಂದಿಗೆ.

"ಹಾಕು ಸಹಿ," ಎಂದರು ಚನ್ನವೀರಯ್ಯ. "ನಿಜ ತಾನೆ ಈಗ?"

ಹೊನ್ನಯ್ಯ ಪೆನ್ನು ತೆಗೆದುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದ. ಆಮೇಲೆ ಟೈಪಾದ ಸಾಲನ್ನು ಹೊಡೆದುಹಾಕಿ ಕೆಳಗೆ ಕೈಬರಹದಲ್ಲಿ ಬರೆದ: "ಗೊತ್ತಿದ್ದ ಅರವತ್ತೈದು ಲೈನುಗಳು ಸರಿಯಾಗಿವೆ. ಗೊತ್ತಿಲ್ಲದ ಒಂದು ಫೋನು ದಾರ ಎಳೆದ ಮೇಲೆ ಸಿಕ್ಕಿತು. ತಂತಿ ಬಿಚ್ಚಿದೆ, ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟಿದ್ದೇನೆ. ಮಳೆಗೆ ತುಕ್ಕಿನ ಗಂಟುಗಳು ನೆನೆದಾಗ ಇನ್ನೂ ಸಿಗಬಹುದು. ಬಿರಡೆಗಳನ್ನು ಎಸೆಯಬಾರದು." ಅದರ ಕೆಳಗೆ ಸಹಿ ಹಾಕಿದ.

ಚನ್ನವೀರಯ್ಯ ಎರಡು ಸಲ ಓದಿದರು.

"ದೊಡ್ಡ ಸಾಹೇಬ್ರು ಓದಿ ಏನಂತಾರೋ."

"ಬೈತಾರೆ ಸಾರ್."

"ಬೈಯ್ಲಿ," ಎಂದು ಪೆನ್ನು ಈಸಿಕೊಂಡು ತಾವೂ ಸಹಿ ಮಾಡಿದರು. ಪಕ್ಕದ ಕೋಣೆಯಲ್ಲಿ ಒಂದು ಸ್ವಿಚ್ಚು ಎದ್ದು ಮೆಟ್ಟಿಲು ಹತ್ತುವುದು ಕೇಳಿಸಿತು. ಇಬ್ಬರೂ ಮಾತು ನಿಲ್ಲಿಸಿ, ಅದು ಇಳಿಯುವ ತನಕ ಕಿವಿಗೊಟ್ಟು ಕೂತರು.